ಬಲಗಾಲಿನ ಬ್ರೇಕು

ಮೂವತ್ತೊಂದು ವರ್ಷ ಲಂಬಾಸಾದಲ್ಲಿ ಬಸ್ಸು ಓಡಿಸಿದವರು ಇವರು.
ಫಿಜಿಯ ಬಸ್ಸು: ಕಿಟಕಿಗೆ ಗಾಜಿಲ್ಲ, ಮಳೆ ಬಂದರೆ
ಟಾರ್ಪಾಲು ಇಳಿಬಿಟ್ಟು ಅರೆಗತ್ತಲಲ್ಲೇ ಪಯಣ.
ಕಂಡಕ್ಟರಿಲ್ಲ; ಚೀಟಿ ಹರಿಯುವವರೂ ಊರು ಕೂಗುವವರೂ ಇವರೇ.
ಈಗ ಬಸ್ತಿ ಪೇಟೆಯ ಬ್ಯಾಟರಿ ರಿಕ್ಷಾದಲ್ಲಿ ಹಿಂದಿನ ಸೀಟು,
ಎದುರುಬದುರು ಮಂಡಿಗೆ ಮಂಡಿ ತಾಗಿಸಿ ಕೂತವರ ನಡುವೆ
ಇವರದೊಂದು ಮಂಡಿ ಮಾತ್ರ ಸುಮ್ಮನಿರದು.
ಎಮ್ಮೆ ಅಡ್ಡ ಬಂದರೆ ಒತ್ತುತ್ತಾರೆ,
ಮದುವೆಯ ಬ್ಯಾಂಡು ಅಡ್ಡ ಬಂದರೆ ಒತ್ತುತ್ತಾರೆ,
ತಗಡಿನ ನೆಲ ಬಲಗಾಲಿನಡಿ ಟಣ್ಣೆನ್ನುತ್ತದೆ.
ಎದುರಿನ ಹುಡುಗಿ ಪುಸ್ತಕದ ಚೀಲ ಎಳೆದುಕೊಂಡು
"ಅಂಕಲ್, ನನ್ನ ಕಾಲು" ಅನ್ನುತ್ತಾಳೆ.

ಬಂದು ಏಳು ತಿಂಗಳಾಯಿತು.
ಕೋಚಿಂಗ್ ಕ್ಲಾಸಿನ ಮೇಲೆ ಎರಡು ಕೋಣೆ.
ಬೆಳಿಗ್ಗೆ ಆರಕ್ಕೇ ಕೆಳಗಿನಿಂದ ರಸಾಯನಶಾಸ್ತ್ರ
ಮೆಟ್ಟಿಲು ಹತ್ತಿ ಬಂದು ನನ್ನ ಚಹಾದ ಪಾತ್ರೆ ಮುಟ್ಟುತ್ತದೆ.
ಕರೆಂಟು ಹೋಗುವ ಹೊತ್ತು ಕಲಿತೆ, ನೀರು ಬರುವ ಹೊತ್ತೂ,
ಕೋತಿಯ ಕಣ್ಣು ತಪ್ಪಿಸಿ ಬಟ್ಟೆ ಒಣಹಾಕುವುದನ್ನೂ.
ಕಲಿಯದೆ ಉಳಿದದ್ದು ಮಾತು.
ನಮ್ಮದೂ ಹಿಂದಿಯೇ ಅಂದುಕೊಂಡಿದ್ದೆ.
ಮನೆಯೊಡತಿ ಮುನಕ್ಕಾದೇವಿಯ ಹಸುವಿಗೆಂದು
ಕಬ್ಬಿನ ಗಾಡಿಯವನನ್ನು ಕೇಳಿದೆ:
"ಒಂದು ಹೊರೆ ಕಂಟಾಪ್ ಕೊಡಪ್ಪ."
ಅವನು ಹಗ್ಗ ಬಿಟ್ಟು ನಕ್ಕ, ಗಾಡಿ ಬಿಟ್ಟು ನಕ್ಕ.
ನಮ್ಮಲ್ಲಿ ಅದು ಕಬ್ಬಿನ ತುದಿಯ ಸೋಗೆ,
ತೋಟದ ಬಿಳಿಯ ಮೇಸ್ತ್ರಿಯ ಇಂಗ್ಲಿಷು
ಅಜ್ಜಂದಿರ ಬಾಯಲ್ಲಿ ಸವೆದು ಉಳಿದ ಚೂರು.
ಈ ಊರಲ್ಲಿ ಕಂಟಾಪ್ ಅಂದರೆ
ಕಿವಿಯನ್ನೂ ಸೇರಿಸಿ ಕೆನ್ನೆಗೆ ಬೀಳುವ ಏಟಂತೆ.
"ಎಷ್ಟು ಬೇಕು ಮಾತಾಜಿ, ಹೊರೆಗಟ್ಟಲೆ ಇದೆ!"
ನಾನೂ ನಕ್ಕೆ.
ಮನೆಗೆ ಬಂದ ಮೇಲೆ ಯಾಕೋ ಕಿವಿ ಮುಟ್ಟಿಕೊಂಡೆ.

ನಮ್ಮ ಹತ್ತಿರ ಒಂದು ಕಾಗದದ ನಕಲಿದೆ.
ಇವರ ಮುತ್ತಾತ ಹಡಗು ಹತ್ತಿದ ಚೀಟಿ:
ಹೆಸರು ಝಿಂಗುರಿ. ವಯಸ್ಸು ಇಪ್ಪತ್ತೆರಡು.
ಎತ್ತರ ಐದಡಿ ಮೂರಂಗುಲ.
ಎಡ ಮೊಣಕಾಲ ಕೆಳಗೆ ಗಾಯದ ಕಲೆ.
ಊರಿನ ಹೆಸರು ಗುಮಾಸ್ತನಿಗೆ ಕೇಳಿಸಿದ ಹಾಗೆ.
ಹಾಗೆ ಕೇಳಿಸುವ ಊರು ಈ ಜಿಲ್ಲೆಯಲ್ಲಿ ಮೂರು.

ಮೊದಲನೆಯದಕ್ಕೆ ಪ್ಯಾಸೆಂಜರ್ ರೈಲು, ಮುಂಡೇರ್ವಾದಲ್ಲಿಳಿದು ಜೀಪು.
ಗ್ರಾಮದ ಪ್ರಧಾನ ನಮ್ಮ ಜೊತೆ ಫೋಟೋ ತೆಗೆಸಿಕೊಂಡ,
ಫಿಜಿಯಲ್ಲಿ ಭಾವಮೈದುನನಿಗೆ ಕೆಲಸ ಸಿಕ್ಕೀತೇ ಎಂದು ವಿಚಾರಿಸಿದ.
ಎರಡನೆಯದು, ನದಿ ಮಗ್ಗುಲು ಬದಲಿಸಿದ ವರ್ಷ ಹೋಯಿತಂತೆ;
ಮರಳು ತೋರಿಸಿದರು. ಇವರು ಷೂ ಕಳಚಿ
ಸ್ವಲ್ಪ ದೂರ ನಡೆದು, ಸುಡುತ್ತದೆಂದು ವಾಪಸು ಬಂದರು.
ಮೂರನೆಯದರಲ್ಲಿ ಕೈಪಂಪಿನ ಹತ್ತಿರ ಒಬ್ಬಳು ಮುದುಕಿ.
ಝಿಂಗುರಿಯೂ ಗೊತ್ತಿಲ್ಲ ಅವಳಿಗೆ, ಫಿಜಿಯೂ ಗೊತ್ತಿಲ್ಲ,
ಬಿಸಿಲಲ್ಲಿ ಬಂದಿರೆಂದು ಬೆಲ್ಲ ಕೊಟ್ಟಳು, ನೀರು ಕೊಟ್ಟಳು.
"ರಜೆ ಎಷ್ಟು ದಿನ?"
ರಜೆಯಲ್ಲ, ಇರಲಿಕ್ಕೇ ಬಂದದ್ದು ಅಂದೆ.
ನನ್ನ ಮುಖ ನೋಡಿದಳು, ಇವರ ಷೂ ನೋಡಿದಳು,
ಹತ್ತಿರ ಸರಿದು, ಬೇರೆಯವರಿಗೆ ಕೇಳಿಸದ ಹಾಗೆ,
"ಅಲ್ಲಿ ಏನಾದರೂ ತಪ್ಪು ಮಾಡಿದಿರಾ?"

ಮರಳುವಾಗ ಜೀಪಿನಲ್ಲಿ ಹದಿನಾಲ್ಕು ಜನ.
ಕಬ್ಬು ಹೇರಿದ ಟ್ರ್ಯಾಕ್ಟರು, ದೀಪವಿಲ್ಲದೆ, ಎದುರಿಗೇ.
ಇವರು ಒತ್ತಿದರು. ಜೀಪಿನವನೂ ಒತ್ತಿದ.
ನಿಂತಿತು.
ಹಸಿ ಕಬ್ಬಿನ ವಾಸನೆ ಎಲ್ಲರ ತೊಡೆಯ ಮೇಲೂ ಬಂದು ಕೂತಿತು.
ಹುಡುಗ ಹಿಂತಿರುಗಿ ನೋಡಿದ, "ಬಾಬಾ, ಲೈಸೆನ್ಸ್ ಇದೆಯಾ?"
"ಫಿಜಿಯದು," ಎಂದು ಇವರು ಎದೆಯ ಜೇಬು ಮುಟ್ಟಿಕೊಂಡರು.

ನಿದ್ದೆಯಲ್ಲಿ ಊರು ಕೂಗುವುದು ಇವರ ಹಳೇ ಚಾಳಿ.
ಬುಲಿಲೆಕಾ. ನಲೆಂಬಾ. ತಂಬಿಯಾ.
ನಿನ್ನೆ ತಂಬಿಯಾ ದಾಟಿದ ಮೇಲೆ ಮುಂಡೇರ್ವಾ ಬಂತು,
ಅದರಾಚೆ ಗುಮಾಸ್ತ ಬರೆದ ಆ ಊರು,
ಬರೆದ ಹಾಗೆಯೇ, ತಪ್ಪಾಗಿಯೇ.
ಹೊದಿಕೆಯೊಳಗೆ ಬಲಗಾಲು ಕದಲಿತು.
ನಾನು ನನ್ನ ಕಾಲು ಸರಿಸಿ ಜಾಗ ಕೊಟ್ಟೆ.